ವೆಂ., ಮಂಚೇನಹಳ್ಳಿ

ಘನವಂತರಾದ ವಾಚಕ ಮಹಾಶಯರೇ, ತನ್ನ ದೇಹದೊಳಗಿನ ಸಮಾಚಾರವನ್ನು ವಾರಪತ್ರಿಕೆಯೊಂದರ ಹತ್ತೊಂಬತ್ತನೆಯ ಪುಟದಿಂದ ತಿಳಿಯಬಯಸಿದವನ ವೃತ್ತಾಂತವಿದು. ಸಾವಿರದ ಒಂಬೈನೂರ ಎಂಬತ್ತೇಳನೆಯ ಇಸವಿಯಲ್ಲಿ ನಡೆದದ್ದು. ತಮ್ಮ ಅವಗಾಹನೆಗೆ ಅರ್ಹವಾದೀತೆಂದು ನಂಬಿದ್ದೇನೆ.

ಮಂಚೇನಹಳ್ಳಿಯ ಬಸ್ ನಿಲ್ದಾಣದ ಎದುರು ಅಂಗಡಿಯಿಟ್ಟಿದ್ದ ಟೈಲರ್ ವೆಂಕಟರವಣಪ್ಪ ಆ ಶುಕ್ರವಾರ ಬೆಳಿಗ್ಗೆ ಹೊಲಿಗೆಯಂತ್ರದ ಮೇಲೆ ಪತ್ರಿಕೆಯನ್ನು ಹರಡಿಕೊಂಡು, ವೈದ್ಯರ ಅಂಕಣವನ್ನು ನಾಲ್ಕನೆಯ ಬಾರಿ ಓದುತ್ತಿದ್ದ. ಅವನ ದವಡೆಯ ಕೆಳಗೆ ಅವರೆಕಾಳಿನಷ್ಟು ದಪ್ಪದ ಗಂಟೊಂದು ಎದ್ದು ನಾಲ್ಕು ತಿಂಗಳಾಗಿತ್ತು. ಡಾಕ್ಟರ ಬಳಿಗೆ ಹೋದರೆ ಅವರು ಏನು ಹೇಳಿಬಿಡುವರೋ ಎಂಬ ಭಯ. ಹೋಗದಿದ್ದರೆ ಕೈ ತಾನಾಗಿ ಗಂಟಿನ ಮೇಲೆ ಹೋಗುತ್ತಿತ್ತು. ಕಡೆಗೆ ಹೆಂಡತಿ ಆದಿಲಕ್ಷ್ಮಮ್ಮನಿಗೂ ತಿಳಿಸದೆ, ಪತ್ರಿಕೆಯ ವೈದ್ಯರಿಗೆ ಗುಟ್ಟಾಗಿ ಒಂದು ಇನ್‌ಲ್ಯಾಂಡ್ ಬರೆದು ಹಾಕಿದ್ದ. ಇಂಥ ಪತ್ರಗಳ ಪ್ರಶ್ನೆಯನ್ನು ಅಚ್ಚು ಹಾಕದೆ, ಹೆಸರಿನ ಮೊದಲಕ್ಷರವನ್ನೂ ಊರನ್ನೂ ಮಾತ್ರ ಸೂಚಿಸಿ ಉತ್ತರ ಕೊಡುವುದು ಆ ಪತ್ರಿಕೆಯ ಪದ್ಧತಿ. ಉತ್ತರ ಬಂದಿತ್ತು. ಆದರೆ ಒಂದಲ್ಲ, ಎರಡು.

'ವೆಂ., ಮಂಚೇನಹಳ್ಳಿ: ಇದು ರೋಗವಲ್ಲ. ಅನೇಕರಲ್ಲಿ ಕಂಡುಬರುತ್ತದೆ. ಚಿಂತೆ ಬಿಟ್ಟು ಚೆನ್ನಾಗಿ ನಿದ್ರೆ ಮಾಡಿ.' ಅದರ ಕೆಳಗೇ ಮತ್ತೊಂದು: 'ವೆಂ., ಮಂಚೇನಹಳ್ಳಿ: ಇಂಥದಕ್ಕೆ ಪತ್ರದಲ್ಲಿ ಸಲಹೆ ಕೊಡಲಾಗದು. ಇದನ್ನು ಓದಿದ ದಿನವೇ ಆಸ್ಪತ್ರೆಗೆ ಹೋಗಿ.'

ಮನೆಗೊಬ್ಬರಂತೆ ವೆಂಕಟರಮಣಸ್ವಾಮಿಯ ಹೆಸರಿಟ್ಟುಕೊಂಡಿರುವ ಊರಿನಲ್ಲಿ ಈ ಇನ್ನೊಬ್ಬ 'ವೆಂ.' ಯಾರು? ಅವನಿಗೇನಾಗಿದೆ? ಮೊದಲನೆಯ ಉತ್ತರವೇ ತನ್ನದೆಂದು ವೆಂಕಟರವಣಪ್ಪ ಆಗಲೇ ನಿಶ್ಚಯಿಸಿದ್ದ. ನಿಶ್ಚಯಿಸಿದ ಮೇಲೂ ಎರಡನೆಯದರಿಂದ ಕಣ್ಣು ಕೀಳಲಾಗಿರಲಿಲ್ಲ.

"ಏಮಯ್ಯಾ ರವಣಪ್ಪ, ಒಂದು ಜುಬ್ಬ ಹೊಲಿದುಕೊಡಪ್ಪ," ಎನ್ನುತ್ತ ಮೇಷ್ಟ್ರು ಒಳಗೆ ಬಂದರು. ಕಳೆದ ವರ್ಷವಷ್ಟೇ ನಿವೃತ್ತರಾದವರು. ಒಂದು ಕೈಯಲ್ಲಿ ಹೊಸ ಖಾದಿ ಬಟ್ಟೆ, ಇನ್ನೊಂದರಲ್ಲಿ ಅದೇ ಪತ್ರಿಕೆ.

"ಏನು ಮೇಷ್ಟ್ರೇ, ಹಬ್ಬ ಇನ್ನೂ ದೂರ ಐತಲ್ಲ."

"ಹಬ್ಬಕ್ಕೆ ಯಾಕೆ ಕಾಯಣ? ಮೂರು ತಿಂಗಳಿಂದ ತಲೇಲಿದ್ದ ಭಾರ ಇವತ್ತು ಇಳೀತು. ನಿನ್ನ ಹತ್ರ ಏನು ಮುಚ್ಚುಮರೆ, ಇಲ್ಲಿಗೆ ಬರೆದಿದ್ದೆ ಕಣಪ್ಪ. ನೋಡು, ರೋಗಾನೇ ಅಲ್ವಂತೆ." ಅವರು ತೋರಿಸಿದ್ದು ಮೊದಲನೆಯ ಉತ್ತರವನ್ನು.

ಮೇಷ್ಟ್ರ ಹೆಸರು ವೆಂಕಟರಾಮಪ್ಪ ಎಂಬುದು ವೆಂಕಟರವಣಪ್ಪನಿಗೆ ಆಗ ನೆನಪಾಯಿತು. ಊರಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ.

"ಕೆಳಗಡೆ ಇರೋದು?"

"ಅದು ಯಾವನೋ ಬೇರೆ ವೆಂಕಟನದು. ಪಾಪ, ಓದಿದ್ನೋ ಇಲ್ವೋ."

ವೆಂಕಟರವಣಪ್ಪ ಟೇಪು ತೆಗೆದು ಅವರ ಎದೆಯ ಸುತ್ತ ಹಿಡಿದ. ಮೂವತ್ತನಾಲ್ಕು. ಅಳತೆಯ ಪುಸ್ತಕದಲ್ಲಿ ಹೋದ ಯುಗಾದಿಯದು ಮೂವತ್ತೆಂಟಿತ್ತು. "ಉಸಿರು ಬಿಗಿ ಹಿಡೀಬೇಡಿ ಮೇಷ್ಟ್ರೇ, ಸಲೀಸಾಗಿ ನಿಂತ್ಕೊಳಿ," ಎಂದು ಮತ್ತೆ ಅಳೆದ.

"ಸಲೀಸಾಗೇ ನಿಂತಿದೀನಲ್ಲಯ್ಯ. ಊಟ ಸೇರಲ್ಲ, ಅದಕ್ಕೇ ಸ್ವಲ್ಪ ಇಳಿದಿದೀನಿ. ಸಂಜೆ ಆದ್ರೆ ಮೈ ಒಂಚೂರು ಬೆಚ್ಚಗಾಗುತ್ತೆ. ಏನೂ ಇಲ್ಲ ಅಂತ ಡಾಕ್ಟ್ರೇ ಬರೆದವ್ರಲ್ಲ."

ಮೂವತ್ತನಾಲ್ಕೇ.

ಕೊರಳಿನ ಅಳತೆಗೆಂದು ಅವನು ಮುಖ ಮೇಲೆತ್ತಿದಾಗ ಮೇಷ್ಟ್ರ ನೋಟ ಅವನ ದವಡೆಯ ಕೆಳಗೆ ನಿಂತಿತು.

"ಇದೇನಯ್ಯ ಇಲ್ಲಿ?"

"ಏನಿಲ್ಲ ಬಿಡಿ."

"ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು." ಟೇಪನ್ನು ಹೆಗಲಿಗೆ ಹಾಕಿಕೊಂಡು, "ನಾನೂ ಬರೆದಿದ್ದೆ ಮೇಷ್ಟ್ರೇ," ಎಂದ.

ಮೇಷ್ಟ್ರು ಯಂತ್ರದ ಮೇಲೆ ತೆರೆದಿದ್ದ ಪುಟವನ್ನು ನೋಡಿದರು. ಸ್ಟೂಲನ್ನು ಎಳೆದುಕೊಂಡು ಕುಳಿತರು. "ಮೂವತ್ತು ವರ್ಷ ಮಕ್ಕಳಿಗೆ 'ಹೊಂದಿಸಿ ಬರೆಯಿರಿ' ಕೊಟ್ಟೋನು ನಾನು. ಇದನ್ನ ಹೊಂದಿಸೋಕೆ ನನ್ನ ಕೈಲಿ ಆಗ್ತಿಲ್ವಲ್ಲಪ್ಪ."

ಎದುರಿನ ನಿಲ್ದಾಣಕ್ಕೆ ಬಸ್ಸೊಂದು ಬಂದು, ಜನರನ್ನು ಇಳಿಸಿ ಹೋಯಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

"ಮೇಲಿನದು ನಿಂದೇ ಇರ್ಬೇಕು ಬಿಡು," ಎಂದರು ಮೇಷ್ಟ್ರು. "ಚಿಕ್ಕ ಗಂಟು. ಎಷ್ಟು ಜನಕ್ಕಿರುತ್ತೆ."

ವೆಂಕಟರವಣಪ್ಪನಿಗೆ ಆಶ್ಚರ್ಯವಾಯಿತು. ಬೆಳಗಿನಿಂದ ಅವನು ಬಾಚಿ ಹಿಡಿದಿದ್ದ ಉತ್ತರವನ್ನು ಮೇಷ್ಟ್ರು ತಾವಾಗಿ ಅವನಿಗೆ ಬಿಟ್ಟುಕೊಡುತ್ತಿದ್ದರು. ತೆಗೆದುಕೊಳ್ಳಲು ಮನಸ್ಸೇ ಬರಲಿಲ್ಲ. ಅಳತೆಯ ಪುಸ್ತಕವನ್ನು ಮೆಲ್ಲಗೆ ಮುಚ್ಚಿದ.

"ಇಲ್ಲ ಮೇಷ್ಟ್ರೇ, ಅದು ನಿಮ್ದೇ. ನಾನೇ ಒಂದ್ಸಲ ತೋರಿಸ್ಕೊಂಡು ಬರ್ತೀನಿ. ಒಬ್ಬನೇ ಹೋಗೋಕೆ ಧೈರ್ಯ ಸಾಲ್ದು. ಜೊತೆಗೆ ಬರ್ತೀರಾ?"

"ನಡೆಯಪ್ಪ, ಹೋಗಣ. ನಿನ್ನ ಕರ್ಕೊಂಡು ಹೋಗ್ಬೇಕು ಅಂತ ನಾನೇ ಯೋಚಿಸ್ತಿದ್ದೆ."

ವೆಂಕಟರವಣಪ್ಪ ಅರ್ಧ ಹೊಲಿದಿದ್ದ ರವಿಕೆಯನ್ನು ಮಡಚಿಟ್ಟ. ಕತ್ತರಿ, ಸೂಜಿ, ದಾರದ ಉಂಡೆಗಳನ್ನು ಡಬ್ಬಿಗೆ ತುಂಬಿದ. ಯಂತ್ರಕ್ಕೆ ಮುಸುಕು ಹೊದಿಸಿ, ಬಾಗಿಲ ಹಲಗೆಗಳನ್ನು ಒಂದೊಂದಾಗಿ ಜೋಡಿಸಿ ಬೀಗ ಹಾಕಿದ. ಗೌರಿಬಿದನೂರಿನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಕಂಡಕ್ಟರ್ ಎರ್ರಪ್ಪ ಇಬ್ಬರನ್ನೂ ಬಲ್ಲವನು.

"ಏನು, ಇಬ್ರೂ ಒಟ್ಟಿಗೆ ಹೊರಟ್ರಿ?"

"ಆಸ್ಪತ್ರೆಗೆ."

"ಯಾರಿಗೆ ಹುಷಾರಿಲ್ಲ?"

"ಇವರಿಗೆ," ಎಂದ ವೆಂಕಟರವಣಪ್ಪ.

"ಇವನಿಗೆ," ಎಂದರು ಮೇಷ್ಟ್ರು, ಅದೇ ಉಸಿರಿನಲ್ಲಿ.