ಅಪ್ಪ ಮುಟ್ಟುವವರೆಗೆ

ಯಾರಾದರೂ ಪೆಟ್ಟಿಗೆಗೆ ಕಂದು ಟೇಪ್ ಅಂಟಿಸಿದರೆ ಸಾಕು, ಆ ವಾಸನೆಗೆ ನಾನು ಈಗಲೂ ಗಡಿಯಾರ ನೋಡುತ್ತೇನೆ.

ಅಪ್ಪ ವೇಣೂರಿನ ಮನೆಯಿಂದ ಮೊದಲ ಸಲ ದುಬೈಗೆ ಹೊರಟ ದಿನ ಟಿಕೆಟ್ ಓದಿ ಹೇಳಿದ ಮಹಾಪಂಡಿತ ನಾನೇ. "ಮಂಗಳೂರಿನಿಂದ ಹತ್ತಕ್ಕೆ ಹಾರುತ್ತದೆ, ಹನ್ನೆರಡಕ್ಕೆ ದುಬೈ. ಎರಡೇ ಗಂಟೆ!"

"ಇಲ್ಲಿಂದ ಮಂಗಳೂರಿಗೆ ಬಸ್ಸಿಗೂ ಅಷ್ಟು ಬೇಕಲ್ಲ ಮಗಾ," ಎಂದು ಅಜ್ಜಿಗೆ ಸಮಾಧಾನವಾಯಿತು. ಆದರೂ ಹೋದವರು ಮುಟ್ಟುವವರೆಗೆ ಮನೆ ಗುಡಿಸಬಾರದೆಂದು ಹಿಡಿಸೂಡಿಯನ್ನು ಅಡಗಿಸಿಟ್ಟರು. ಜಗಲಿ ತುಂಬ ಅಪ್ಪ ಪೆಟ್ಟಿಗೆ ಕಟ್ಟಿದ ಟೇಪಿನ ಚೂರು, ಹಗ್ಗದ ತುಂಡು.

ನಾನು ಮೂಗು ಹಿಡಿದು ಪೈಲಟ್ ಆದೆ. "ಪ್ರಯಾಣಿಕರೇ, ಕೆಳಗೆ ಸಮುದ್ರ ಉಂಟು, ಯಾರೂ ಇಳಿಯಬೇಡಿ!" ಅಮ್ಮ ನಕ್ಕರು.

ಹನ್ನೆರಡಾಯಿತು, ಫೋನ್ ಬರಲಿಲ್ಲ. ಹನ್ನೆರಡೂವರೆಗೆ ನಾನು ಪುನಃ ಮೂಗು ಹಿಡಿದಾಗ ಅಮ್ಮ, "ಸಾಕು ಮಾಡು ಮಾರಾಯ," ಎಂದರು. ಒಂದು ಗಂಟೆಗೆ ಅಜ್ಜಿ ದೇವರ ಮುಂದೆ ಕುಳಿತರು. ಯಾರೂ ಉಣ್ಣಲಿಲ್ಲ. ಪೈಲಟನಿಗೂ ಹಸಿವಿರಲಿಲ್ಲ.

ಒಂದೂ ಮುಕ್ಕಾಲಿಗೆ ಫೋನ್ ಬಂತು. "ಈಗ ಇಳಿದೆ. ಇಲ್ಲಿ ಗಂಟೆ ಹನ್ನೆರಡೂ ಕಾಲು," ಎಂದರು ಅಪ್ಪ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆಯಂತೆ. ದಾರಿ ಎರಡು ಗಂಟೆಯದಲ್ಲ, ಮೂರೂವರೆಯದು.

"ನಿನ್ನ ಲೆಕ್ಕಕ್ಕೆ ಬೆಂಕಿ ಬೀಳ!" ಎಂದು ಅಜ್ಜಿ ನನ್ನ ಕಿವಿ ಹಿಂಡಿ, ಹಿಡಿಸೂಡಿ ತಂದು ಅಮ್ಮನಿಗೆ ಕೊಟ್ಟರು. "ಮುಟ್ಟಿದನಲ್ಲ, ಇನ್ನು ಗುಡಿಸು."

ಅಮ್ಮ ಅದನ್ನು ಗೋಡೆಗೆ ಒರಗಿಸಿದರು. "ಮೊದಲು ಊಟ ಮಾಡುವ ಅತ್ತೆ. ಆಮೇಲೆ ಗುಡಿಸ್ತೇನೆ."

ದೀಪ ಹಚ್ಚುವ ಹೊತ್ತಿಗೂ ಟೇಪಿನ ಚೂರುಗಳು ಜಗಲಿಯಲ್ಲೇ ಇದ್ದವು. ಅಮ್ಮ ಅವುಗಳನ್ನು ತುಳಿಯದೆ ದಾಟಿ ಹೋಗುತ್ತಿದ್ದರು. ಊರಿನವರೆಲ್ಲರ ನಡಿಗೆಯನ್ನು ಅಣಕಿಸುವ ನಾನು ಆ ನಡಿಗೆಯೊಂದನ್ನು ಮಾತ್ರ ಯಾವತ್ತೂ ಮಾಡಿ ತೋರಿಸಿಲ್ಲ.