ಏಳನೇ ಕುರ್ಚಿ

ಜ್ಯೂರಿಯವರು ಓಡಾಡುವ ಬಾಗಿಲ ಮುಂದೆ ಗ್ವೆಂಡಾ ಬೆಡೋಸ್ ನಿಂತಿದ್ದನ್ನು ಬ್ಯಾರಿಸ್ಟರ್ ಪ್ರಾಸರ್ ಸೋಮವಾರವೇ ನೋಡಿದ್ದ. ಕ್ಲೆನ್‌ಬರಿ ಕ್ರೌನ್ ಕೋರ್ಟಿನ ಆ ಬಾಗಿಲಿಗೆ ಹೆಸರಿನ ಹಲಗೆಯಿಲ್ಲ. ಒಳಗಿನವರಿಗಷ್ಟೇ ಗೊತ್ತು. ದಾರಿ ತಪ್ಪಿತು ಸರ್, ಎಂದಿದ್ದಳು. ಹೊಸಬಳು, ಇರಬಹುದು ಎಂದುಕೊಂಡು ಸುಮ್ಮನಾಗಿದ್ದ.

ಕ್ರಿಮಿನಲ್ ವಕೀಲಿಗೆ ಬರಬೇಕೆನ್ನುವವರು ಮೊದಲು ಒಬ್ಬ ಬ್ಯಾರಿಸ್ಟರನ ಬೆನ್ನ ಹಿಂದೆ ಒಂದು ವಾರ ಕೂತು ಕೆಲಸ ನೋಡುವುದು ರೂಢಿ. ಬರುವವರೆಲ್ಲ ಇಪ್ಪತ್ತರ ಆಸುಪಾಸಿನವರು. ಗ್ವೆಂಡಾಗೆ ನಲವತ್ತಮೂರು. ಹಗಲು ಚೀಸ್ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಕಾನೂನಿನ ಓದು. ಪ್ರಾಸರನ ಕಚೇರಿ ನೋಡಿಕೊಳ್ಳುವ ಡೋರೀನಳಿಗೆ ಇದು ಹಿಡಿಸಿರಲಿಲ್ಲ.

“ಬರ್ಮಿಂಗ್‌ಹ್ಯಾಮಲ್ಲಿ ಬೇಕಾದಷ್ಟು ದೊಡ್ಡ ವಕೀಲರಿದ್ದಾರೆ. ಈಯಮ್ಮ ನಿಮ್ಮ ಹತ್ರಾನೇ ಬರ್ಬೇಕು ಅಂತ ಮೂರು ಸಲ ಕಾಗದ ಬರೆದಿದ್ದಾಳೆ. ನೀವೇನು ಅಷ್ಟು ಚೆಂದವಾಗಿಲ್ಲ, ಸರ್. ಹುಷಾರು.”

ನಡೆಯುತ್ತಿದ್ದದ್ದು ಕುರಿ ಕಳವಿನ ವಿಚಾರಣೆ. ಉಣ್ಣೆ ಕತ್ತರಿಸುವ ಕೆಲಸದ ಕೆಲ್ವಿನ್ ಗಫ್, ಮಾರ್ಚ್ ತಿಂಗಳ ಒಂದು ಸಂಜೆ ಮೂವತ್ತೆಂಟು ಕುರಿಗಳನ್ನು ಲಾರಿಗೆ ತುಂಬಿಸಿಕೊಂಡು ಹೋದನೆಂಬ ಆರೋಪ. ಐದು ತಿಂಗಳಿಂದ ಜೈಲಿನಲ್ಲಿದ್ದ. ಅವನು ಒಳಗೆ ಹೋದ ಮೇಲೆ ಹುಟ್ಟಿದ ಮಗಳನ್ನು ಇನ್ನೂ ಎತ್ತಿಕೊಂಡಿರಲಿಲ್ಲ.

ಕಲಿಯಲು ಬಂದ ಪ್ರತಿಯೊಬ್ಬರಿಗೂ ಹೇಳುವ ಕಥೆಯನ್ನು ಪ್ರಾಸರ್ ಮೊದಲ ದಿನ ಗ್ವೆಂಡಾಗೂ ಹೇಳಿದ್ದ. ಹನ್ನೆರಡು ವರ್ಷದ ಹಿಂದೆ ಇದೇ ಕೋರ್ಟಿನಲ್ಲಿ ಲಯೋನೆಲ್ ಮ್ಯಾಪ್ ಎಂಬ ಕೂಲಿಯವನ ಪರವಾಗಿ ಅವನು ವಾದಿಸಿದ್ದ. ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಹಚ್ಚಿದ ಆರೋಪ. ಆ ಹೊತ್ತಿಗೆ ತನ್ನ ತಮ್ಮ ಮನೆಯಲ್ಲೇ ಇದ್ದ ಎಂದು ಮ್ಯಾಪ್‌ನ ಅಕ್ಕ ಮೆಲುದನಿಯಲ್ಲಿ ಸಾಕ್ಷಿ ಹೇಳಿದ್ದಳು. ಊರಿನವರಲ್ಲೇ ಆರಿಸಿದ ಹನ್ನೆರಡು ಜನರ ಜ್ಯೂರಿ ನಂಬಲಿಲ್ಲ, ತಪ್ಪಿತಸ್ಥ ಎಂದಿತು. ಮೂರು ವರ್ಷದ ಮೇಲೆ ಬೇರೊಬ್ಬ ತಪ್ಪೊಪ್ಪಿಕೊಂಡ. ಅಷ್ಟರಲ್ಲಿ ಮ್ಯಾಪ್ ಜೈಲಿನಲ್ಲೇ ತೀರಿಹೋಗಿದ್ದ.

“ನನ್ನೆದುರು ಕೂತ ಜ್ಯೂರಿಯ ಒಂದು ಮುಖಾನೂ ನಾನು ಮರೆಯೋನಲ್ಲ,” ಎಂದು ಪ್ರಾಸರ್ ಕಥೆ ಮುಗಿಸುತ್ತಿದ್ದ.

ಕೇಳಿದ ಹುಡುಗ ಹುಡುಗಿಯರೆಲ್ಲ, ಅವರು ಯಾಕೆ ನಂಬಲಿಲ್ಲ ಎಂದು ಕೇಳುತ್ತಿದ್ದರು. ಗ್ವೆಂಡಾ ಕೇಳಲಿಲ್ಲ. ಮುಂದಿದ್ದ ಚಹಾ ಆರಿಹೋಯಿತು.

ಮಂಗಳವಾರ, ಬುಧವಾರ ಪ್ರಾಸರ್ ಅವಳ ಮೇಲೆ ಕಣ್ಣಿಟ್ಟ. ಅವಳು ಜಡ್ಜರನ್ನು ನೋಡುತ್ತಿರಲಿಲ್ಲ, ಸಾಕ್ಷಿಗಳನ್ನೂ ನೋಡುತ್ತಿರಲಿಲ್ಲ. ಜ್ಯೂರಿಯ ಹಿಂದಿನ ಸಾಲನ್ನೇ ನೋಡುತ್ತಿದ್ದಳು. ಅದರಲ್ಲೂ ಮೊದಲ ಕುರ್ಚಿ, ಅಂದರೆ ಏಳನೆಯದು. ಅಲ್ಲಿ ಕನ್ನಡಕದ ಒಬ್ಬ ಯುವತಿ ಕೂತಿದ್ದಳು. ಯಾರಾದರೂ ಜ್ಯೂರಿಯವರನ್ನು ಮಾತಾಡಿಸಿದ್ದಾರೆಂದು ಗೊತ್ತಾದರೆ ಹನ್ನೆರಡೂ ಜನರನ್ನು ಮನೆಗೆ ಕಳಿಸುತ್ತಾರೆ. ಮತ್ತೆ ಮೊದಲಿನಿಂದ ಶುರು. ಕೆಲ್ವಿನ್ ಇನ್ನೂ ಆರು ತಿಂಗಳು ಒಳಗೇ ಇರಬೇಕು.

ಗುರುವಾರ ಬೆಳಗ್ಗೆ ಕೆಲ್ವಿನ್ ಪರವಾಗಿ ಇದ್ದ ಒಂದೇ ಸಾಕ್ಷಿ ಬಂದಳು. ಎಡ್ನಾ ಲೆಲ್ಲೋ, ಎಂಬತ್ತರ ವಿಧವೆ. ಆ ಸಂಜೆ ಒಂಬತ್ತರವರೆಗೂ ಕೆಲ್ವಿನ್ ತನ್ನ ಮನೆಗೆ ಬಂದು ಕೊಟ್ಟಿಗೆಯಲ್ಲಿ ಕುರಿಯ ಹೆರಿಗೆ ಮಾಡಿಸುತ್ತಿದ್ದ, ಅವಳಿ ಮರಿ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಎರಡು ಮಾರು ದೂರದಲ್ಲಿದ್ದ ಪ್ರಾಸರನಿಗೆ ಪ್ರತಿ ಅಕ್ಷರವೂ ಕೇಳಿಸಿತು. ಜ್ಯೂರಿಯವರು ವಿಧೇಯರಾಗಿ ತಲೆಯಾಡಿಸಿದರು. ಅವನು ಕೂರಲು ಹೊರಟ.

ಹಿಂದೆ ಕೂತಿದ್ದ ಗ್ವೆಂಡಾಳಿಂದ ಒಂದು ಚೀಟಿ ಬಂತು. ‘ಹಿಂದಿನ ಸಾಲಿಗೆ ಇದು ಕೇಳಿಸಿಲ್ಲ. ಅಲ್ಲಿ ಗೋಡೆಯ ಬಿಸಿನೀರಿನ ಕೊಳವೆ ಗುರುಗುಡುತ್ತೆ. ಇನ್ನೊಮ್ಮೆ ಜೋರಾಗಿ ಹೇಳಿಸಿ.’

ಪ್ರಾಸರ್ ಕಿವಿಗೊಟ್ಟ. ಯಾವ ಸದ್ದೂ ಇಲ್ಲ. ಆದರೂ, ಅಜ್ಜಿಯವರು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕು ಎಂದು ಕೋರಿದ. ಎಡ್ನಾ ಹೇಳಿದಳು. ಹಿಂದಿನ ಸಾಲಿನಲ್ಲಿ ಆರು ಪೆನ್ನುಗಳು ಒಟ್ಟಿಗೆ ಓಡಿದವು. ಏಳನೇ ಕುರ್ಚಿಯ ಯುವತಿ ಹಾಳೆ ಮಗುಚಿ ಬರೆದಳು.

ಪ್ರಾಸರ್ ಚೀಟಿಯನ್ನು ಮತ್ತೆ ಓದಿದ. ಅಲ್ಲಿ ಕೂತವರಲ್ಲದೆ ಬೇರೆ ಯಾರೂ ಅದನ್ನು ಹೇಳಿರಲು ಸಾಧ್ಯವಿರಲಿಲ್ಲ.

ಊಟದ ಬಿಡುವಿನಲ್ಲಿ ಗ್ವೆಂಡಾಳನ್ನು ಸಣ್ಣ ಕೋಣೆಗೆ ಕರೆದು ಬಾಗಿಲು ಹಾಕಿದ. ಇನ್ನು ಕಾಲು ಗಂಟೆಯಲ್ಲಿ ಜಡ್ಜರ ಮುಂದೆ ಹೋಗಿ ಇದನ್ನೆಲ್ಲ ಹೇಳುವುದು ತನ್ನ ಕರ್ತವ್ಯ, ಕೆಲ್ವಿನ್‌ನ ಗತಿ ಏನಾಗುತ್ತದೆಂದು ಅವಳಿಗೂ ಗೊತ್ತು ಎಂದ. ಗ್ವೆಂಡಾ ತಾನು ತಂದಿದ್ದ ಬ್ರೆಡ್ಡಿನ ಪೊಟ್ಟಣವನ್ನು ಬಿಚ್ಚದೆ ಮೇಜಿನ ಮೇಲಿಟ್ಟಳು.

“ನಾನು ಅವರಲ್ಲಿ ಯಾರನ್ನೂ ಮಾತಾಡ್ಸಿಲ್ಲ, ಸರ್. ಆಣೆ ಇಟ್ಟು ಹೇಳ್ತೀನಿ.”

“ಹಾಗಾದ್ರೆ ಕೊಳವೆ ವಿಷಯ ಯಾರು ಹೇಳಿದ್ರು? ಏಳನೇ ಕುರ್ಚಿಯವಳಾ?”

“ಹೂಂ ಅನ್ನಿ.”

“ಯಾರವಳು ನಿಮಗೆ?”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಗುರುತು ಸಿಗಬಹುದೆಂದು ಕಾದವಳ ಹಾಗೆ.

“ಲಯೋನೆಲ್ ಮ್ಯಾಪ್ ಕೇಸಲ್ಲಿ ಆ ಕುರ್ಚೀಲಿ ನಾನು ಎಂಟು ದಿನ ನಿಮ್ಮೆದುರಿಗೇ ಕೂತಿದ್ದೆ, ಸರ್; ಅವನ ಅಕ್ಕ ಏನಂದ್ಲು ಅಂತ ನನಗೆ ಕೇಳಿಸ್ಲೇ ಇಲ್ಲ, ಕೈ ಎತ್ತಿ ಕೇಳೋಕೆ ನಾಚ್ಕೊಂಡೆ.”