ಸಾವಿನ ಗಂಟೆ

ಫಾದರ್ ಹಿಲರಿ ಮೂರು ದಿನ ನದಿಬದಿಯ ಮನೆಮನೆಗೆ ಅಲೆದಿದ್ದರು. ಅಣೆಕಟ್ಟಿನ ಬಾಗಿಲು ತೆರೆಯುತ್ತಾರಂತೆ, ಗುಡ್ಡದ ಮೇಲೆ ಚರ್ಚಿಗೆ ಬಂದುಬಿಡಿ ಎಂದು ಕೈಮುಗಿದಿದ್ದರು. ಜನ ಕುರ್ಚಿ ಹಾಕಿ ಚಹಾ ಕೊಟ್ಟರು, ಎದ್ದು ಬರಲಿಲ್ಲ. "ಇಂಥ ನೆರೆ ಎಷ್ಟು ನೋಡಿಲ್ಲ ಫಾದರ್" ಎಂದರು. ನಾಲ್ಕನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರ ಗಂಟಲೂ ಕಟ್ಟಿಹೋಗಿತ್ತು. "ಇನ್ನು ದೇವರೇ ಕರೆಯಲಿ" ಎಂದು ಗೊಣಗಿ, ಒದ್ದೆ ನಿಲುವಂಗಿಯಲ್ಲೇ ಮಂಚಕ್ಕೆ ಒರಗಿದರು.

ಎಚ್ಚರವಾದದ್ದು ಗಂಟೆಯ ಸದ್ದಿಗೆ. ಒಂದು ಪೆಟ್ಟು, ತುಂಬ ಹೊತ್ತು ಮೌನ, ಮತ್ತೊಂದು ಪೆಟ್ಟು. ಊರಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ಹಾಗೆ ಬಾರಿಸುವುದು. ನಾನು ಮಲಗಬಾರದಿತ್ತು ಅಂದುಕೊಳ್ಳುತ್ತ ಬರಿಗಾಲಲ್ಲೇ ಗೋಪುರಕ್ಕೆ ಓಡಿದರು.

ನಲವತ್ತು ವರ್ಷದಿಂದ ಗಂಟೆ ಬಾರಿಸುತ್ತಿದ್ದ ಕೈತಾನ ಹಗ್ಗ ಹಿಡಿದು ನಿಂತಿದ್ದ. ಕಿಟಕಿಯಾಚೆ ಊರಿಗೆ ಊರೇ ಗುಡ್ಡ ಹತ್ತುತ್ತಿತ್ತು. ಹಾಸಿಗೆ ಹಿಡಿದವರನ್ನೂ ಹೊತ್ತು ತರುತ್ತಿದ್ದರು. ಅವರ ಹಿಂದೆ ಗದ್ದೆಗಳಿರಲಿಲ್ಲ, ಕೆಂಪು ನೀರಿತ್ತು.

"ಯಾರು ಹೋದದ್ದು ಕೈತಾನಾ?"

"ಯಾರೂ ಇಲ್ಲ ಫಾದರ್. ಪೂಜೆಯ ಗಂಟೆ ಹೊಡೆದ್ರೆ ನಾಲ್ಕು ಜನ ಬರ್ತಾರೆ. ಸಾವಿನ ಗಂಟೆಗೆ ಮನೆಯಲ್ಲಿ ಕೂರುವವರುಂಟಾ?"

"ಯಾರು ಸತ್ತದ್ದು ಅಂತ ಒಬ್ಬರೂ ಫೋನ್ ಮಾಡಿ ಕೇಳ್ಲಿಲ್ವ?"

"ಕೇಳಿದ್ರು."

"ನೀನು ಎಂತ ಹೇಳಿದೆ?"

ಕೈತಾನ ಹಗ್ಗವನ್ನು ಇನ್ನೊಮ್ಮೆ ಎಳೆದ.

"ಎಲ್ಲರೂ ಮೇಲೆ ಬರುವವರೆಗೆ ಒಳಗೇ ಇರಿ ಫಾದರ್. ನಿಮ್ಮ ಹೆಸರು ಹೇಳಿದ್ದೇನೆ."